ಹೋಗಿ, ಮರಳಿ ಬರುವ ಟೈರು



ಈ ಪ್ರದರ್ಶನದ ಉದ್ಘಾಟನೆಗೆ ದೀಪ ಬೆಳಗಿಸಿ ಕೆಳಗಿಳಿಯುವಷ್ಟರಲ್ಲೇ ಒಬ್ಬರು, “ಸಾರ್, ಟ್ರ್ಯಾಕ್‌ಗೆ ಯಾವ ಟೈರ್ ಬೆಸ್ಟು?” ಎಂದು ಕೇಳಿದರು. ಬರೆದುಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಇರಲಿ. ಅವರಿಗೇ ಉತ್ತರ ಹೇಳುತ್ತೇನೆ.

ಮೊದಲು ನನ್ನದೊಂದು ಮರುಪ್ರಶ್ನೆ. ನಿಮ್ಮ ಕಾರು ಟ್ರ್ಯಾಕ್‌ಗೆ ಲಾರಿ ಏರಿ ಹೋಗುತ್ತದೋ, ತಾನೇ ಓಡಿಕೊಂಡು ಹೋಗುತ್ತದೋ? ಬೆಂಗಳೂರಿನವರು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ಎರಡಕ್ಕೂ ನೂರಾರು ಕಿಲೋಮೀಟರ್ ಹೆದ್ದಾರಿ. ನಮ್ಮಲ್ಲಿ ಹೆಚ್ಚಿನವರು ಅದೇ ನಾಲ್ಕು ಟೈರಿನ ಮೇಲೆ ಹೋಗಿ, ಸುತ್ತು ಹೊಡೆದು, ಅದೇ ಟೈರಿನ ಮೇಲೆ ಮನೆಗೆ ಬರುವವರು. ದಾರಿಯಲ್ಲಿ ಮಳೆಯೂ ಸಿಗಬಹುದು. ಚೆನ್ನೈ ಕಡೆ ಹಿಂಗಾರು ಹಿಡಿದರೆ ಆಕಾಶವೇ ಕಳಚಿ ಬಿದ್ದಂತೆ ಸುರಿಯುತ್ತದೆ. ಗೆರೆ ಕಡಿಮೆ ಇರುವ ಸೆಮಿ ಸ್ಲಿಕ್ ಟೈರು ನಿಂತ ನೀರನ್ನು ಹೊರಗೆ ತಳ್ಳಲಾರದು. ಕಾರು ನೀರಿನ ಮೇಲೆ ತೇಲತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಚಕ್ರ ಕೇಳುವುದಿಲ್ಲ.

ಟೈರಿನ ಪಕ್ಕದ ಮೇಲೆ ಅಚ್ಚಾಗಿರುವ ಟ್ರೆಡ್‌ವೇರ್ ಸಂಖ್ಯೆಯನ್ನು ಇಲ್ಲಿನ ಮಳಿಗೆಗಳಲ್ಲಿ ಎಲ್ಲರೂ ತೋರಿಸುತ್ತಾರೆ. ಇದು ಅಮೆರಿಕದ ಸರ್ಕಾರ ತಂದ ಪದ್ಧತಿ. ಪರೀಕ್ಷೆಗೆ ಇಟ್ಟ ಮಾದರಿ ಟೈರಿಗೆ 100. ನಿಮ್ಮದು 300 ಇದ್ದರೆ ಅದರ ಮೂರರಷ್ಟು ಬಾಳಿಕೆ ಎಂಬ ಲೆಕ್ಕ. ಸಂಖ್ಯೆ ಇಳಿದಷ್ಟೂ ರಬ್ಬರು ಮೃದು, ಹಿಡಿತ ಹೆಚ್ಚು ಎಂದು ಸಾಮಾನ್ಯವಾಗಿ ಹೇಳಬಹುದು. ಆದರೆ ಈ ಅಂಕ ಕೊಟ್ಟುಕೊಳ್ಳುವುದು ಆಯಾ ಕಂಪನಿಯೇ! ಒಂದು ಕಂಪನಿಯ 200ನ್ನು ಇನ್ನೊಂದರ 200ರ ಪಕ್ಕದಲ್ಲಿಟ್ಟು ಚೌಕಾಸಿ ಮಾಡಬೇಡಿ.

ಟ್ರ್ಯಾಕ್‌ನಲ್ಲಿ ಟೈರನ್ನು ಕೊಲ್ಲುವುದು ಶಾಖ. ರಸ್ತೆಯ ಟೈರಿನ ಆಳವಾದ ಗೆರೆಗಳ ನಡುವಿನ ರಬ್ಬರು ತಿರುವಿನಲ್ಲಿ ಅತ್ತಿತ್ತ ಬಾಗಿ ಬಾಗಿ ಕಾಯುತ್ತದೆ, ಕೊನೆಗೆ ಚೂರು ಚೂರಾಗಿ ಕಿತ್ತುಬರುತ್ತದೆ. ಟ್ರ್ಯಾಕಿನ ಟೈರು ಆ ಶಾಖವನ್ನು ತಾಳುತ್ತದೆ, ಆದರೆ ತಣ್ಣಗಿರುವಾಗ ಹಿಡಿಯುವುದಿಲ್ಲ. ಮೊದಲ ಸುತ್ತಿನಲ್ಲೇ ಜಾರಿ ಮರಳಿಗೆ ಇಳಿಯುವವರನ್ನು ಕಂಡಿದ್ದೀರಲ್ಲ? ಕಾದು ಆರಿ, ಕಾದು ಆರಿ ರಬ್ಬರು ಗಟ್ಟಿಯಾಗುವುದೂ ಉಂಟು. ಗೆರೆ ಉಳಿದಿದೆ, ಹಿಡಿತ ಹೋಗಿದೆ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಗಾಳಿಯ ವಿಚಾರವನ್ನು ನಾನು ಬೇಕೆಂದೇ ಎಳೆದು ಹೇಳುತ್ತೇನೆ. ಬೆಳಿಗ್ಗೆ ತಣ್ಣಗಿರುವಾಗ 33 ಪಿಎಸ್ಐ ಹಿಡಿಸಿದಿರಿ ಎನ್ನೋಣ. ನಾಲ್ಕಾರು ಬಿರುಸಿನ ಸುತ್ತಿನ ನಂತರ ಅದು 40ರ ಹತ್ತಿರ ಹೋಗಬಹುದು. ಟೈರು ಉಬ್ಬಿ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆಂದು ಪಿಟ್‌ನಲ್ಲಿ ಗಾಳಿ ಬಿಡುತ್ತೀರಿ. ಸರಿಯಾದದ್ದೇ. ಸಂಜೆ ಟೈರು ತಣ್ಣಗಾದಾಗ ಒತ್ತಡ 30ಕ್ಕೂ ಕೆಳಗೆ ಇಳಿದಿರುತ್ತದೆ. ಅದನ್ನು ಮರೆತು, ನಾಲ್ಕು ಜನ ಕೂತು, ಹೆದ್ದಾರಿಯಲ್ಲಿ ನೂರರ ಮೇಲೆ ಹೊಡೆದರೆ ಆಮೇಲಿನದನ್ನು ನಾನು ಹೇಳಬೇಕಿಲ್ಲ. ಎರಡು ಸಾವಿರ ರೂಪಾಯಿಯ ಒಳ್ಳೆಯ ಗೇಜು ದುಬಾರಿ ಟೈರಿಗಿಂತ ಮೊದಲು ಬರಲಿ.

ಟೈರಿನ ಆಯ್ಕೆಯಲ್ಲಿ ದೊಡ್ಡವರೂ ಎಡವಿದ್ದಾರೆ. 2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ರೇಸಿನ ಗತಿ ಏನಾಯಿತು? ಓರೆಯಾಗಿ ಕಟ್ಟಿದ 13ನೇ ತಿರುವಿನ ಹೊರೆಯನ್ನು ಮಿಶೆಲಿನ್ ಟೈರುಗಳು ತಾಳಲಾರವೆಂದು 14 ಕಾರುಗಳು ಸ್ಪರ್ಧೆ ಶುರುವಾಗುವ ಮುನ್ನವೇ ಪಿಟ್‌ಗೆ ಮರಳಿದವು. ಬ್ರಿಜ್‌ಸ್ಟೋನ್ ಹಾಕಿದ್ದ ಆರು ಕಾರು ಮಾತ್ರ ಓಡಿದವು. ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಬಂದದ್ದು ಅಂದೇ. ಮಿಶೆಲಿನ್ ಕೆಟ್ಟ ಟೈರಲ್ಲ, ಆ ವರ್ಷದ ಗೆಲುವುಗಳಲ್ಲಿ ಬಹುಪಾಲು ಅದರದ್ದೇ. ಆ ಒಂದು ತಿರುವಿಗೆ ಅದು ಹೊಂದಲಿಲ್ಲ, ಅಷ್ಟೇ.

ಹಾಗಾಗಿ ಪ್ರಶ್ನೆ ಕೇಳಿದವರಿಗೆ ನನ್ನ ತೀರ್ಪು: ಮೊದಲ ವರ್ಷ ಒಳ್ಳೆಯ ರಸ್ತೆ ಟೈರಿನಲ್ಲೇ ಕಲಿಯಿರಿ. ಅದು ಕಿರುಚಿ, ಜಾರುವ ಮೊದಲೇ ತಪ್ಪು ತಿಳಿಸುತ್ತದೆ. ಅಂಟಂಟಾದ ಟೈರು ತಪ್ಪನ್ನು ಮುಚ್ಚಿಟ್ಟು, ಹಿಡಿತ ಬಿಡುವಾಗ ಒಮ್ಮೆಲೇ ಬಿಡುತ್ತದೆ. ಅಂಥ ಟೈರಿಗೆ ಹಾಕಬೇಕೆಂದಿದ್ದ ಹಣವನ್ನು ಬ್ರೇಕ್ ಪ್ಯಾಡಿಗೂ ಬ್ರೇಕ್ ಆಯಿಲ್‌ಗೂ ಹಾಕಿ.

ಮಳಿಗೆಗಳಿಗೆ ಹೋದಾಗ ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆ ದಿನಾಂಕ ನೋಡಿ. 1825 ಎಂದಿದ್ದರೆ 2025ರ 18ನೇ ವಾರದ್ದು. ಹಳೆಯದನ್ನು ರಿಯಾಯಿತಿ ಎಂದು ಕೊಟ್ಟರೆ ಬೇಡ ಎನ್ನಿ. ಮಳೆಯಲ್ಲಿ ಹಿಡಿತ ಹೇಗೆ ಎಂದು ನಾಚಿಕೆಪಡದೆ ಕೇಳಿ. ಪ್ರದರ್ಶನ ಉದ್ಘಾಟನೆಯಾಗಿದೆ, ಒಳಗೆ ಬನ್ನಿ.