ಮೊದಲು ತಿಳಿಸಿ, ವಿಚಾರಣೆ ನಿಮ್ಮ ಕೆಲಸವಲ್ಲ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಎಲ್ಲಿಗೆ ಹೋದರೂ ಶಿಕ್ಷಕರು, ವೈದ್ಯರು, ದೇವಸ್ಥಾನ, ಇಗರ್ಜಿ, ಮದರಸಗಳ ಹೊಣೆ ಹೊತ್ತವರು ಕೇಳುವುದು ಒಂದೇ ಮಾತು: “ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂಬ ಗುಮಾನಿ ಇದೆ. ದೂರು ಕೊಟ್ಟ ಮೇಲೆ ಸುಳ್ಳೆಂದಾದರೆ ನಮ್ಮ ಗತಿಯೇನು?”

2012ರ ಪೋಕ್ಸೊ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರದು. ಶಿಕ್ಷೆ ಇರುವುದು ಹಗೆ ಸಾಧಿಸಲು ಸುಳ್ಳು ಹೇಳಿದವರಿಗೆ, ಮತ್ತು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಕೈಕೆಳಗಿನವನ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ಮೇಲೆ ದಂಡ.

“ಮೊದಲು ನಾವೇ ವಿಚಾರಿಸಿ ನೋಡೋಣ” ಎನ್ನುತ್ತಾರಲ್ಲ, ಅನಾಹುತ ಶುರುವಾಗುವುದೇ ಅಲ್ಲಿಂದ. ವಕೀಲಿಕೆಯಲ್ಲಿ ನಾನು ನೋಡಿದ ಒಂದು ಶಾಲೆಯ ಫೈಲಿನಲ್ಲಿ ಮಗುವಿನ ಕೈಯಲ್ಲೇ ಬರೆಸಿದ ಮೂರು ಹೇಳಿಕೆಗಳಿದ್ದವು: ಟೀಚರ್ ಎದುರು ಒಂದು, ಮುಖ್ಯೋಪಾಧ್ಯಾಯರ ಎದುರು ಒಂದು, ಆಡಳಿತ ಮಂಡಳಿಯ ಎದುರು ಇನ್ನೊಂದು. ಒಂದರಲ್ಲಿ ಮಧ್ಯಾಹ್ನ, ಇನ್ನೊಂದರಲ್ಲಿ ಸಂಜೆ. ಹೆದರಿದ ಮಗು ಗಡಿಯಾರ ನೋಡಿಕೊಂಡು ಮಾತಾಡುತ್ತದೆಯೇ? ಆದರೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿದುಕೊಳ್ಳುವುದು ಆ ವ್ಯತ್ಯಾಸವನ್ನೇ. ಇತ್ತ ಆರೋಪಿಯನ್ನು ಕರೆದು “ಹೌದೇನಪ್ಪಾ?” ಎಂದು ಕೇಳಿದರೆ, ಮಗುವನ್ನು ಹೆದರಿಸಲು ಅವನಿಗೆ ಸಮಯ ಕೊಟ್ಟಂತಾಯಿತು. ಮತ್ತೆ ಹೇಳುತ್ತೇನೆ: ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ತಿಳಿಸುವುದಷ್ಟೇ ನಿಮ್ಮ ಕೆಲಸ.

“ನಾನು ಡಾಕ್ಟರ್, ರೋಗಿಯ ಗುಟ್ಟು ಬಿಡಲಾರೆ” ಎಂಬ ವಾದವೂ ನಿಲ್ಲದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಾಸ್ಟೆಲ್ ಹುಡುಗಿಯರಿಗೆ ಚಿಕಿತ್ಸೆ ಕೊಟ್ಟರೂ ದೌರ್ಜನ್ಯದ ವಿಷಯ ತಿಳಿಸಲಿಲ್ಲವೆಂದು ವೈದ್ಯರೊಬ್ಬರ ಮೇಲೆ ಹಾಕಿದ್ದ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಧರ್ಮಗುರುಗಳಿಗೂ ಇದೇ ಮಾತು. ಪೋಕ್ಸೊ ಕಾಯ್ದೆಯ 19ನೇ ಕಲಮು “ಯಾವುದೇ ವ್ಯಕ್ತಿ” ಎನ್ನುತ್ತದೆ. ಕಾವಿ ಉಟ್ಟವರಿಗಾಗಲಿ ಪಾಪನಿವೇದನೆ ಕೇಳುವವರಿಗಾಗಲಿ ಕಾಯ್ದೆ ಪ್ರತ್ಯೇಕ ವಿನಾಯಿತಿ ಬರೆದಿಲ್ಲ. ಮನೆಯವರು “ರಾಜಿಯಾಗಿದೆ, ಬಿಡಿ” ಎಂದರೂ ನಿಮ್ಮ ಹೊಣೆ ಇಳಿಯದು. ಊರಿನ ಮರ್ಯಾದೆ ಉಳಿಸುತ್ತೇವೆಂದು ಮಗುವನ್ನೇ ಬಲಿ ಕೊಡುವ ಈ ಪಂಚಾತಿಕೆ ಇನ್ನಾದರೂ ನಿಲ್ಲಬೇಕು.

ಹಾಗಾದರೆ ಮಾಡುವುದೇನು? ಮಗು ತಾನಾಗಿ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, ಕೆದಕಬೇಡಿ. ಹತ್ತಿರದ ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಅದರ ಮನೆಗೇ ಇಲ್ಲವೇ ಅದು ಬಯಸಿದ ಜಾಗಕ್ಕೆ, ಸಮವಸ್ತ್ರವಿಲ್ಲದೆ ಬರಬೇಕು. 24 ಗಂಟೆಯೊಳಗೆ ಅವರೇ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವಿನ ಹೆಸರು ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು. ಭಾನುವಾರದ ಕಮಿಟಿ ಸಭೆಯವರೆಗೆ ಕಾಯಬೇಡಿ. ಗೊತ್ತಾದ ದಿನವೇ ತಿಳಿಸಿ.