ಗಾಜು ಎಣಿಸುವ ಮೊದಲು ನಿಯ್ಯತ್ ಕೇಳೋಣ



ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಸಂದೇಶವಾಹಕರಾದ ಮುಹಮ್ಮದ್(ಸ)ರ ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ.

ಮಕ್ಕಳಿಗೆ 7 ವರ್ಷವಾದಾಗ ನಮಾಝ್‌ಗೆ ಆದೇಶಿಸಬೇಕು, 10 ವರ್ಷವಾದ ಮೇಲೂ ಬಿಟ್ಟರೆ ದಂಡಿಸಬೇಕು, ಮಲಗುವ ಹಾಸಿಗೆಗಳನ್ನು ಬೇರ್ಪಡಿಸಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ನಮ್ಮಲ್ಲಿ ಹಲವರಿಗೆ ಇದರಲ್ಲಿ ದಂಡನೆಯ ಮಾತೊಂದೇ ನೆನಪಿರುತ್ತದೆ. ಏಳು ಮತ್ತು ಹತ್ತರ ನಡುವೆ ಮೂರು ವರ್ಷಗಳಿವೆ. ದಿನಕ್ಕೆ ಐದು ಹೊತ್ತಿನಂತೆ ಲೆಕ್ಕ ಹಾಕಿದರೆ, 5,000ಕ್ಕೂ ಹೆಚ್ಚು ಸಲ ಪ್ರೀತಿಯಿಂದ ಕರೆಯುವ ಅವಕಾಶ. ಅಷ್ಟು ಸಲ ಕರೆದಿದ್ದೇವೆಯೇ?

ಈ ವಯಸ್ಸಿನ ಮಗುವನ್ನು ಸ್ವಲ್ಪ ಗಮನಿಸಿ. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿರುತ್ತದೆ. ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಎತ್ತರವಾಗುತ್ತದೆ. ಕೈಕಾಲು ಹತೋಟಿಗೆ ಬಂದು ವುಝೂ, ರುಕೂಅ್, ಸುಜೂದ್‌ಗಳನ್ನು ಕ್ರಮವಾಗಿ ಮಾಡಬಲ್ಲದು. ಈ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಹನ್ನೊಂದರವರೆಗೆ ಕೈಗೆ ಮೊಬೈಲ್ ಕೊಟ್ಟು, ಫಜ್ರ್‌ಗೆ ಏಳಲಿಲ್ಲವೆಂದು ಬೈದರೆ ತಪ್ಪು ಯಾರದು?

ದೇಹದ ಜೊತೆ ಮನಸ್ಸೂ ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪರೀಕ್ಷೆಯಿದೆ. ಒಬ್ಬ ಹುಡುಗ ಬಾಗಿಲು ತೆರೆದಾಗ, ಅದರ ಹಿಂದೆ ಇದ್ದದ್ದು ತಿಳಿಯದೆ 15 ಕಪ್‌ಗಳು ಒಡೆದವು. ಇನ್ನೊಬ್ಬ ತಾಯಿಗೆ ತಿಳಿಯದಂತೆ ಜಾಮ್ ತೆಗೆಯಲು ಹೋಗಿ ಒಂದೇ ಕಪ್ ಒಡೆದ. ಯಾರದು ದೊಡ್ಡ ತಪ್ಪು? ಚಿಕ್ಕ ಮಕ್ಕಳಲ್ಲಿ ಹಲವರು ಕಪ್ ಎಣಿಸಿ ಮೊದಲನೆಯವನದು ಎಂದರು. ತುಸು ದೊಡ್ಡ ಮಕ್ಕಳು ಉದ್ದೇಶ ನೋಡಿ ಎರಡನೆಯವನದು ಎಂದರು. ಬುಖಾರಿಯ ಮೊದಲ ಹದೀಸೇ ನಿಯ್ಯತ್‌ನ ಕುರಿತದ್ದು. ಮಗು ಅದನ್ನು ಅರಿಯಲು ತೊಡಗುವ ವಯಸ್ಸಿದು. ಆದರೆ ಹಿರಿಯರಾದ ನಾವು ಇನ್ನೂ ಕಪ್ ಎಣಿಸುತ್ತಲೇ ಇರುತ್ತೇವೆ.

ನಮ್ಮದೇ ತಪ್ಪೊಂದನ್ನು ಹೇಳುತ್ತೇವೆ. ಕಳೆದ ಮಳೆಗಾಲದಲ್ಲಿ ಮದ್ರಸದ ಗೋಡೆ ಗಡಿಯಾರ ಬಿದ್ದು ಒಡೆಯಿತು. ಒಂಬತ್ತು ವರ್ಷದ ಹುಡುಗನೊಬ್ಬ ಬೆಂಚಿನ ಮೇಲೆ ನಿಂತಿದ್ದ. ಒಂದು ಮಾತೂ ಕೇಳದೆ, ಎಲ್ಲರೆದುರು ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿ ಸುಮ್ಮನಿದ್ದ. ತರಗತಿ ಬಿಟ್ಟ ಮೇಲೆ ಪುಟ್ಟ ಹುಡುಗಿಯೊಬ್ಬಳು ಬಂದು, "ಉಸ್ತಾದ್, ಕಿತಾಬ್‌ಗಳ ಮೇಲೆ ಮಳೆ ಬೀಳ್ತಿತ್ತು, ಅವನು ಕಿಟಕಿ ಮುಚ್ಚೋಕೆ ಹತ್ತಿದ್ದು" ಎಂದಳು. ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಅದೇ ಮಕ್ಕಳೆದುರು, "ಮಗಾ, ನಿನ್ನೆ ತಪ್ಪು ನಮ್ಮದು, ಕ್ಷಮಿಸು" ಎಂದೆವು. ಕ್ಷಮೆ ಕೇಳದಿದ್ದರೆ ಅವನು ಏನು ಕಲಿಯುತ್ತಿದ್ದ? ಇನ್ನು ಮುಂದೆ ಕಿಟಕಿ ಮುಚ್ಚಬಾರದು, ಏನಾದರೂ ಒಡೆದರೆ "ನಾನಲ್ಲ" ಎನ್ನಬೇಕು ಎಂಬುದನ್ನು. ಮಕ್ಕಳಿಗೆ ಸುಳ್ಳನ್ನು ಅನೇಕ ಸಲ ಕಲಿಸುವುದು ನಮ್ಮ ಕೋಪವೇ.

ಅನಸ್(ರ) ಸುಮಾರು ಹತ್ತು ವರ್ಷದವರಿದ್ದಾಗ ಪ್ರವಾದಿ(ಸ)ರ ಸೇವೆಗೆ ಬಂದರು. ಹತ್ತು ವರ್ಷ ಜೊತೆಗಿದ್ದರೂ ಪ್ರವಾದಿ(ಸ)ರು ಒಮ್ಮೆಯೂ ತಮಗೆ 'ಛೆ' ಎನ್ನಲಿಲ್ಲ, ಯಾಕೆ ಮಾಡಿದೆ, ಯಾಕೆ ಮಾಡಲಿಲ್ಲ ಎಂದು ಆಕ್ಷೇಪಿಸಲಿಲ್ಲ ಎಂದು ಅವರೇ ನೆನೆದಿದ್ದಾರೆ. ಪ್ರವಾದಿ(ಸ)ರು ಸ್ತ್ರೀಯರನ್ನಾಗಲಿ ಸೇವಕರನ್ನಾಗಲಿ ಎಂದೂ ಕೈಯಿಂದ ಹೊಡೆದವರಲ್ಲ ಎಂದು ಆಯಿಶಾ(ರ) ತಿಳಿಸಿದ್ದಾರೆ. ದಂಡನೆಯ ಹದೀಸ್ ಹೇಳುವವರು ಈ ಜೀವನವನ್ನೂ ಮುಂದಿಟ್ಟುಕೊಳ್ಳಬೇಕು. ನೋವಾಗುವಂತೆ, ಗಾಯವಾಗುವಂತೆ, ಮುಖಕ್ಕೆ ಹೊಡೆಯುವುದನ್ನು ವಿದ್ವಾಂಸರು ಒಪ್ಪಿಲ್ಲ. ಕೋಪ ತೀರಿಸಿಕೊಳ್ಳುವುದಂತೂ ಶಿಸ್ತಲ್ಲ.

ಇದರರ್ಥ ತಪ್ಪನ್ನು ಕಂಡೂ ಬಿಟ್ಟುಬಿಡಬೇಕೆಂದಲ್ಲ. ಉಮರ್ ಬಿನ್ ಅಬೀ ಸಲಮಾ(ರ) ಬಾಲಕರಾಗಿದ್ದಾಗ ಊಟದ ತಟ್ಟೆಯ ತುಂಬ ಕೈಯಾಡಿಸುತ್ತಿದ್ದರು. ಪ್ರವಾದಿ(ಸ)ರು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಸ್ಮಿಲ್ಲಾಹ್ ಹೇಳಲು, ಬಲಗೈಯಿಂದ ತಿನ್ನಲು, ತನ್ನ ಮುಂದಿನದನ್ನೇ ತಿನ್ನಲು ಕಲಿಸಿದರು. ತಪ್ಪನ್ನು ತಿದ್ದಿದರು, ಮಗುವಿನ ಮಾನ ಕಳೆಯಲಿಲ್ಲ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡೋಣ. ಈ ವಾರ ಮಗುವಿನ ಕೈಯಿಂದ ಏನಾದರೂ ಒಡೆದರೆ, ಚೆಲ್ಲಿದರೆ, ಮೊದಲು "ಏನು ಮಾಡಲು ಹೋಗಿದ್ದೆ?" ಎಂದು ಕೇಳೋಣ. ಉತ್ತರ ಮುಗಿಯುವವರೆಗೆ ಕಾಯೋಣ. ಅನ್ಯಾಯವಾಗಿ ಗದರಿಸಿದ್ದರೆ ಮಗುವಿನ ಬಳಿಯೇ ಕ್ಷಮೆ ಕೇಳೋಣ.

ಅಲ್ಲಾಹನು ನಮ್ಮ ಮಕ್ಕಳನ್ನು ಕಣ್ಣಿಗೆ ತಂಪಾಗಿಸಲಿ, ಅವರ ವಿಷಯದಲ್ಲಿ ನಮ್ಮಿಂದಾದ ಅನ್ಯಾಯಗಳನ್ನು ಮನ್ನಿಸಲಿ. ಆಮೀನ್.