ಪರವಾನಗಿಯ ನಂತರದ ಔಷಧ



ಔಷಧವೊಂದಕ್ಕೆ ಮಾರಾಟದ ಪರವಾನಗಿ ಸಿಕ್ಕ ದಿನವೇ ಅದರ ಪರೀಕ್ಷೆ ಮುಗಿಯಿತೆಂಬ ಭಾವನೆ ರೋಗಿಗಳಲ್ಲಿ ಮಾತ್ರವಲ್ಲ, ಔಷಧ ಬರೆದುಕೊಡುವವರಲ್ಲಿಯೂ ಬೇರೂರಿದೆ. ಅಲ್ಲಿಯವರೆಗೆ ನಡೆದ ಪರೀಕ್ಷೆಗಳಲ್ಲಿ ಔಷಧದ ಉಪಯೋಗವು ಅದರ ಅಪಾಯಕ್ಕಿಂತ ಹೆಚ್ಚೆಂದು ಕಂಡುಬಂತು ಎಂಬುದಷ್ಟೇ ಪರವಾನಗಿಯ ಅರ್ಥ. ಅಪಾಯಗಳೆಲ್ಲವೂ ತಿಳಿದುಹೋದವು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಪರವಾನಗಿಗೆ ಮುಂಚಿನ ಮಾನವ ಪ್ರಯೋಗಗಳು, ಅಂದರೆ ಕ್ಲಿನಿಕಲ್ ಟ್ರಯಲ್‌ಗಳು, ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ನಡೆಯುತ್ತವೆ; ಗರ್ಭಿಣಿಯರು, ಎಂಬತ್ತು ದಾಟಿದವರು, ಮೂತ್ರಪಿಂಡದ ಕಾಯಿಲೆಯವರು, ಏಕಕಾಲಕ್ಕೆ ಆರೇಳು ಬಗೆಯ ಮಾತ್ರೆ ನುಂಗುವವರು ಅವುಗಳಲ್ಲಿ ಬಹುಮಟ್ಟಿಗೆ ಸೇರಿರುವುದಿಲ್ಲ, ಆದರೆ ಔಷಧ ಅಂಗಡಿಗೆ ಬಂದ ಮೇಲೆ ಇಂಥವರೆಲ್ಲರೂ ಅದನ್ನು ಸೇವಿಸುತ್ತಾರೆ.

ಸಂಖ್ಯಾಶಾಸ್ತ್ರದ ಮೂರರ ನಿಯಮ (ಶಾಲೆಯ ತ್ರೈರಾಶಿಗೂ ಇದಕ್ಕೂ ಸಂಬಂಧವಿಲ್ಲ) ಈ ಮಿತಿಯನ್ನು ಸರಳವಾಗಿ ತೋರಿಸಿಕೊಡುತ್ತದೆ. 3,000 ಜನರಿಗೆ ಔಷಧ ಕೊಟ್ಟು ಒಬ್ಬರಲ್ಲಿಯೂ ಒಂದು ನಿರ್ದಿಷ್ಟ ತೊಂದರೆ ಕಾಣದಿದ್ದರೆ ಆ ತೊಂದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದು 1,000 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಬಾಧಿಸಲಾರದು ಎಂದು ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೇ. 10,000 ಜನರಲ್ಲಿ ಒಬ್ಬರನ್ನು ಬಾಧಿಸುವ ಪರಿಣಾಮವು ಒಮ್ಮೆಯಾದರೂ ಕಣ್ಣಿಗೆ ಬೀಳಬೇಕೆಂದು ಅಷ್ಟೇ ಭರವಸೆ ಬಯಸಿದರೆ ಸುಮಾರು 30,000 ಜನರನ್ನು ಪರೀಕ್ಷಿಸಬೇಕು. ಅಂತಹ ಔಷಧವನ್ನು ಮುಂದೆ ಹತ್ತು ಲಕ್ಷ ಜನ ಸೇವಿಸಿದರೆ ನೂರು ಮಂದಿ ತೊಂದರೆಗೆ ಸಿಲುಕುತ್ತಾರೆ, ಆದರೆ ಆ ನೂರು ಮಂದಿ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವೈದ್ಯರ ಮುಂದೆ ಕುಳಿತಿರುವುದರಿಂದ ಪ್ರತಿಯೊಬ್ಬ ವೈದ್ಯರಿಗೂ ಅದೊಂದು ಒಂಟಿ ವಿಚಿತ್ರವಾಗಿಯೇ ಕಾಣುತ್ತದೆ. ಈ ಚದುರಿದ ಅನುಭವಗಳನ್ನು ಒಂದೆಡೆ ತಂದು, ತೂಗಿ ನೋಡಿ, ಸುಳಿವು ಹಿಡಿಯುವ ವ್ಯವಸ್ಥೆಗೆ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧ ಸುರಕ್ಷತೆಯ ನಿಗಾ ಎಂದು ಹೆಸರು.

ಥಾಲಿಡೊಮೈಡ್ ದುರಂತದಿಂದಲೇ ಈ ವ್ಯವಸ್ಥೆ ಹುಟ್ಟಿತೆಂಬುದು ಈ ಸಮ್ಮೇಳನದ ಸಭೆಗೆ ಹೊಸ ವಿಷಯವಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾದ ಈ ಔಷಧದಿಂದ ಕೈಕಾಲು ಬೆಳೆಯದೆ, ಇಲ್ಲವೇ ಬೇರೆ ಅಂಗದೋಷಗಳೊಂದಿಗೆ ಹುಟ್ಟಿದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ 10,000 ಮೀರಿತೆಂಬ ಅಂದಾಜಿದೆ. 1961ರಲ್ಲಿ ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಇಂತಹ ಮಕ್ಕಳ ತಾಯಂದಿರನ್ನು ವಿಚಾರಿಸಿ ಸಂಶಯವನ್ನು ಮುಂದಿಟ್ಟರು, ಆಸ್ಟ್ರೇಲಿಯಾದ ಪ್ರಸೂತಿ ತಜ್ಞ ವಿಲಿಯಂ ಮೆಕ್‌ಬ್ರೈಡ್ ಲ್ಯಾನ್ಸೆಟ್ ಪತ್ರಿಕೆಗೆ ಪುಟ್ಟದೊಂದು ಪತ್ರ ಬರೆದರು. ಇಷ್ಟರಿಂದಲೇ ಔಷಧದ ಹಣೆಬರಹ ಬದಲಾಯಿತು. ಅಡ್ಡಪರಿಣಾಮಗಳನ್ನು ವರದಿ ಮಾಡುವ ಬ್ರಿಟನ್ನಿನ ಹಳದಿ ಕಾರ್ಡ್ ಪದ್ಧತಿ 1964ರಲ್ಲಿಯೂ, ಹತ್ತು ದೇಶಗಳೊಡನೆ ವಿಶ್ವ ಆರೋಗ್ಯ ಸಂಸ್ಥೆಯ ಔಷಧ ನಿಗಾ ಕಾರ್ಯಕ್ರಮ 1968ರಲ್ಲಿಯೂ ಆರಂಭವಾದವು. 1978ರಿಂದ ಸ್ವೀಡನ್ನಿನ ಉಪ್ಸಲಾ ಕೇಂದ್ರವು ಈ ಕಾರ್ಯಕ್ರಮದ ವರದಿಗಳನ್ನು ಕಾಪಿಡುತ್ತ ಬಂದಿದ್ದು, ಅಲ್ಲಿನ ಭಂಡಾರದಲ್ಲಿ ಈಗ 3 ಕೋಟಿಗೂ ಹೆಚ್ಚು ವರದಿಗಳಿವೆ.

ಭಾರತವು ಈ ಜಾಲವನ್ನು ಸೇರಿದ್ದು 1998ರಲ್ಲಿ. ಆದರೆ ಗಟ್ಟಿಯಾದ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಳ್ಳಲು 2010ರವರೆಗೆ ಕಾಯಬೇಕಾಯಿತು. ಮರುವರ್ಷ ಅದರ ಸಮನ್ವಯ ಕೇಂದ್ರವು ದೆಹಲಿಯ ಏಮ್ಸ್‌ನಿಂದ ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ವರ್ಗವಾಯಿತು. ವೈದ್ಯಕೀಯ ಕಾಲೇಜುಗಳಲ್ಲಿ ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ ಇರುವ ನಿಗಾ ಕೇಂದ್ರಗಳು ವರದಿಗಳನ್ನು ಸಂಗ್ರಹಿಸಿ ಅಲ್ಲಿಗೆ ಕಳುಹಿಸುತ್ತವೆ. ವರದಿಯೊಂದು ಸ್ವೀಕಾರವಾಗಲು ಗುರುತಿಸಬಹುದಾದ ರೋಗಿ, ವರದಿ ಮಾಡಿದವರು, ಸಂಶಯಿತ ಔಷಧ ಮತ್ತು ಉಂಟಾದ ತೊಂದರೆ ಎಂಬ ನಾಲ್ಕು ಸಂಗತಿಗಳಿದ್ದರೆ ಸಾಕು. ಔಷಧವೇ ಕಾರಣವೆಂದು ಸಾಧಿಸುವ ಹೊಣೆ ವರದಿ ಮಾಡುವವರ ಮೇಲಿಲ್ಲ. ಔಷಧ ನಿಲ್ಲಿಸಿದಾಗ ತೊಂದರೆ ಇಳಿಯಿತೇ, ಸೇವನೆಗೂ ತೊಂದರೆಗೂ ನಡುವಿನ ಕಾಲ ಹೊಂದುತ್ತದೆಯೇ, ಬೇರೆ ಕಾಯಿಲೆ ಇದನ್ನು ವಿವರಿಸಬಲ್ಲುದೇ ಎಂಬ ಪ್ರಶ್ನೆಗಳನ್ನು ಹಾಕಿಕೊಂಡು ಸಂಬಂಧವು ಖಚಿತ, ಸಂಭವನೀಯ, ಸಾಧ್ಯ, ಅಸಂಭವ ಎಂದೆಲ್ಲ ವರ್ಗೀಕರಿಸುವುದು ತಜ್ಞರ ಕೆಲಸ. ಇದರ ಫಲಕ್ಕೆ ಇತ್ತೀಚಿನ ಉದಾಹರಣೆಯೆಂದರೆ, ಮುಟ್ಟಿನ ಹೊಟ್ಟೆನೋವಿಗೆ ಚೀಟಿಯಿಲ್ಲದೆಯೇ ಕೊಳ್ಳಲಾಗುವ ಮೆಫೆನಮಿಕ್ ಆಮ್ಲದ ಬಗ್ಗೆ 2023ರ ನವೆಂಬರ್‌ನಲ್ಲಿ ಆಯೋಗ ಹೊರಡಿಸಿದ ಎಚ್ಚರಿಕೆ: ಜ್ವರ, ಚರ್ಮದ ದದ್ದು, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳ ಹೆಚ್ಚಳ ಮತ್ತು ಯಕೃತ್ತಿನಂಥ ಅಂಗಗಳ ಉರಿಯೂತ ಒಟ್ಟಾಗಿ ಬರುವ ಡ್ರೆಸ್ ಎಂಬ ತೀವ್ರ ಪ್ರತಿಕ್ರಿಯೆಯ ಮೇಲೆ ಕಣ್ಣಿಡುವಂತೆ ಅದು ಸೂಚಿಸಿತು. ಈ ಪ್ರತಿಕ್ರಿಯೆ ಔಷಧ ಆರಂಭಿಸಿದ ಎರಡರಿಂದ ಎಂಟು ವಾರಗಳ ನಂತರ ತಲೆದೋರುವುದರಿಂದ, ಅಂಗಡಿಯಿಂದ ತಂದ ಮಾತ್ರೆಯನ್ನು ರೋಗಿ ಅಷ್ಟರಲ್ಲಿ ಮರೆತೇಬಿಟ್ಟಿರುತ್ತಾರೆ.

ಇಷ್ಟೆಲ್ಲ ಏರ್ಪಾಡಿದ್ದರೂ ವರದಿಗಳು ಬರುತ್ತಿಲ್ಲ. 2006ರಲ್ಲಿ ಪ್ರಕಟವಾದ, ಹನ್ನೆರಡು ದೇಶಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದರಲ್ಲಿ, ವರದಿಯಾಗದೆ ಉಳಿಯುವ ಔಷಧ ಪ್ರತಿಕ್ರಿಯೆಗಳ ಮಧ್ಯಕ ಪ್ರಮಾಣ ಶೇಕಡ 94 ಎಂದು ಕಂಡುಬಂತು. ಅಂದರೆ ಶ್ರೀಮಂತ ದೇಶಗಳಲ್ಲಿಯೂ ನೂರಕ್ಕೆ ಆರೇ ದಾಖಲೆಗೆ ಬರುತ್ತವೆ. ಬ್ರಿಟನ್ನಿನ ಔಷಧ ಸುರಕ್ಷತಾ ತಜ್ಞ ವಿಲಿಯಂ ಇನ್‌ಮನ್ ವೈದ್ಯರ ಮೌನಕ್ಕೆ ಕಾರಣಗಳನ್ನು ಪಟ್ಟಿ ಮಾಡುವಾಗ ಆಲಸ್ಯ, ಅಜ್ಞಾನ, ಸಂಕೋಚಗಳ ಜೊತೆಗೆ ಭಯವನ್ನೂ ತಪ್ಪಿತಸ್ಥ ಭಾವನೆಯನ್ನೂ ಸೇರಿಸಿದ್ದರು. ಈ ನಾಡಿನ ಮಟ್ಟಿಗೆ ಮೊದಲ ಸ್ಥಾನ ಭಯಕ್ಕೇ ಸಲ್ಲಬೇಕೆಂಬುದು ಅಧ್ಯಕ್ಷ ಪೀಠದ ಅಭಿಪ್ರಾಯ. ವರದಿಯನ್ನು ದೂರು ಎಂದು ಓದುವ, ದೂರಿಗೆ ಆರೋಪಿಯನ್ನು ಹುಡುಕುವ, ಆರೋಪಿ ಸಿಕ್ಕೊಡನೆ ಕಡತ ಮುಚ್ಚುವ ಆಡಳಿತ ಪದ್ಧತಿಯಲ್ಲಿ ತಾನಾಗಿ ಬಾಯಿಬಿಡುವಷ್ಟು ಧೈರ್ಯ ಕಿರಿಯ ವೈದ್ಯರಿಗಾಗಲಿ ಶುಶ್ರೂಷಕಿಗಾಗಲಿ ಎಲ್ಲಿಂದ ಬರಬೇಕು?

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಶಿಶುಗಳು ಮೃತಪಟ್ಟಾಗ ಮೊದಲು ಹೊರಬಿದ್ದ ಸುದ್ದಿಗಳಲ್ಲಿ ಸಿಬ್ಬಂದಿಯ ಅಮಾನತೂ ಒಂದಾಗಿತ್ತು. ತಪ್ಪಿಗೆ ಶಿಸ್ತುಕ್ರಮ ಬೇಡವೆಂದು ಯಾರೂ ವಾದಿಸುವುದಿಲ್ಲ, ಆದರೆ ಈ ಲಸಿಕೆಯ ಸ್ವಭಾವವನ್ನು ಅರಿತವರಿಗೆ ಅಮಾನತು ಎಷ್ಟು ಅಪೂರ್ಣ ಉತ್ತರವೆಂಬುದು ತಿಳಿಯುತ್ತದೆ. ಪುಡಿಯ ರೂಪದಲ್ಲಿರುವ ಇದನ್ನು ದ್ರಾವಕದಲ್ಲಿ ಕಲಸಿಕೊಳ್ಳಬೇಕು. ಸೂಕ್ಷ್ಮಾಣುಗಳನ್ನು ತಡೆಯುವ ಸಂರಕ್ಷಕ ಇದರಲ್ಲಿಲ್ಲದ ಕಾರಣ, ಕಲಸಿದ ನಾಲ್ಕು ಗಂಟೆಗಳೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್‌ನಂಥ ಲಸಿಕೆಗಳ ತೆರೆದ ಬಾಟಲಿಯನ್ನಾದರೋ ನಿಗದಿತ ಷರತ್ತುಗಳಡಿ 28 ದಿನಗಳವರೆಗೆ ಬಳಸಬಹುದು. ಒಂದೇ ಪೆಟ್ಟಿಗೆಯಲ್ಲಿ ಎರಡು ನಿಯಮಗಳ ಬಾಟಲಿಗಳನ್ನು ಹೊತ್ತು ದೂರದ ಹಳ್ಳಿಗಳಿಗೆ ನಡೆಯುವ ಕಾರ್ಯಕರ್ತೆಯ ಶೀತಲೀಕರಣ ವ್ಯವಸ್ಥೆ, ತರಬೇತಿ ಮತ್ತು ಕೆಲಸದ ಹೊರೆ ತನಿಖೆಯ ವಿಷಯವಾಗದಿದ್ದರೆ ಬಾಟಲಿ ಬಳಕೆಯ ತಪ್ಪು ಇನ್ನೊಂದು ತಾಲೂಕಿನಲ್ಲಿ ಮರುಕಳಿಸುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರ ಸಾವುಗಳು ಸಂಭವಿಸಿ, ರಕ್ತನಾಳಕ್ಕೆ ಏರಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದಾಗಲೂ ಪ್ರಶ್ನೆ ಇಂಥದ್ದೇ ಆಗಿತ್ತು: ಬಾಟಲಿ ಏರಿಸಿದ ನಂತರ ನಡುಕ, ಮೂತ್ರ ಕಡಿಮೆಯಾಗುವುದು ಮುಂತಾದ ಲಕ್ಷಣಗಳು ಕಂಡ ಮೊದಲ ರೋಗಿಯ ವಿವರವು ಬ್ಯಾಚ್ ಸಂಖ್ಯೆಯೊಂದಿಗೆ ಎಷ್ಟು ಗಂಟೆಗಳಲ್ಲಿ ಉಳಿದ ಆಸ್ಪತ್ರೆಗಳಿಗೆ ತಲುಪಬಲ್ಲುದು?

ಲಸಿಕೆಗಳ ವಿಷಯದಲ್ಲಿ ನಿಗಾ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಏಕೆಂದರೆ ಅವುಗಳನ್ನು ಕೊಡುವುದು ಆರೋಗ್ಯವಂತರಿಗೆ, ಹೆಚ್ಚಾಗಿ ಕಂದಮ್ಮಗಳಿಗೆ. ಲಸಿಕೆಯ ನಂತರ ಘಟಿಸಿದ್ದೆಲ್ಲವೂ ಲಸಿಕೆಯಿಂದ ಘಟಿಸಿದ್ದಲ್ಲ. ಆದ್ದರಿಂದಲೇ ತಜ್ಞರು ಲಸಿಕೆಯ ಗುಣದಿಂದ ಬಂದದ್ದು, ತಯಾರಿಕೆಯ ದೋಷದಿಂದ ಬಂದದ್ದು, ಕೊಡುವಾಗಿನ ತಪ್ಪಿನಿಂದ ಬಂದದ್ದು, ಸೂಜಿಯ ಹೆದರಿಕೆಯಿಂದ ಬಂದದ್ದು ಮತ್ತು ಕೇವಲ ಕಾಕತಾಳೀಯವಾದದ್ದು ಎಂದು ಬೇರ್ಪಡಿಸುತ್ತಾರೆ. ಈ ಬೇರ್ಪಡಿಸುವಿಕೆಗೆ ಪ್ರಾಮಾಣಿಕ ಮಾದರಿ ರೋಟಾವೈರಸ್ ಲಸಿಕೆಯ ಇತಿಹಾಸದಲ್ಲಿದೆ. ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ಪಡೆದ ರೋಟಾಶೀಲ್ಡ್ ಲಸಿಕೆಯ ಪ್ರಯೋಗಗಳಲ್ಲಿ, ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಳ್ಳುವ ತೊಂದರೆ ಸುಮಾರು 10,000 ಶಿಶುಗಳಲ್ಲಿ ಐದಕ್ಕೆ ಕಂಡಿತ್ತಾದರೂ ಆ ಸಂಖ್ಯೆಯಿಂದ ಏನನ್ನೂ ಸಾಧಿಸುವಂತಿರಲಿಲ್ಲ. ಮರುವರ್ಷ ಸ್ವಯಂಪ್ರೇರಿತ ವರದಿ ವ್ಯವಸ್ಥೆಗೆ ಅಂತಹ 15 ಪ್ರಕರಣಗಳು ಬಂದಾಗ ಲಸಿಕೆಯ ಬಳಕೆಯನ್ನು ತಡೆಹಿಡಿದು, ಕೆಲವೇ ತಿಂಗಳಲ್ಲಿ ಹಿಂಪಡೆಯಲಾಯಿತು. ಭಾರತವು 2016ರಲ್ಲಿ ತನ್ನದೇ ಲಸಿಕೆಯಾದ ರೋಟಾವ್ಯಾಕ್ ಅನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಂದಾಗ ಈ ಪಾಠವನ್ನು ಮರೆಯದೆ ಆಯ್ದ ಆಸ್ಪತ್ರೆಗಳಲ್ಲಿ ಇದೇ ಕರುಳಿನ ತೊಂದರೆಗಾಗಿ ನಿಗಾ ಇಟ್ಟಿತು, ಮತ್ತು ಅಪಾಯ ಹೆಚ್ಚಿಲ್ಲವೆಂದು 2020ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಜನರ ವಿಶ್ವಾಸ ಗಳಿಸಲು ಇದಕ್ಕಿಂತ ಉತ್ತಮ ಪ್ರಚಾರ ಬೇರೆಯಿಲ್ಲ.

ಲಘುವೆಂದು ಪಕ್ಕಕ್ಕೆ ಸರಿಸುವ ಅಡ್ಡಪರಿಣಾಮಗಳೂ ಕಾರ್ಯಕ್ರಮವನ್ನೇ ಕುಗ್ಗಿಸಬಲ್ಲವೆಂಬುದಕ್ಕೆ ಮಲೆನಾಡೇ ಸಾಕ್ಷಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಬಳಕೆಯಲ್ಲಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಲ್ಲಿ ಮತ್ತೊಮ್ಮೆ, ಆಮೇಲೆ ವರ್ಷವರ್ಷವೂ ಪಡೆಯಬೇಕಿತ್ತು. ಚುಚ್ಚಿದ ಜಾಗದಲ್ಲಿ ಉಳಿಯುತ್ತಿದ್ದ ನೋವು ಕೂಲಿಗೆ ಹೋಗುವವರಿಗೆ ಸಣ್ಣದಾಗಿರಲಿಲ್ಲ. ಮೊದಲ ಸೂಜಿ ಹಾಕಿಸಿಕೊಂಡವರಲ್ಲಿ ಅನೇಕರು ಮುಂದಿನದಕ್ಕೆ ಬರಲಿಲ್ಲ. ಲಸಿಕೆಯ ಪರಿಣಾಮಕಾರಿತ್ವವೇ ಕಡಿಮೆಯೆಂದು ಅದನ್ನು ನಿಲ್ಲಿಸಲಾಗಿದ್ದು, ಸಿದ್ಧವಾಗುತ್ತಿರುವ ಹೊಸ ಲಸಿಕೆಯ ಪ್ರಯೋಗಗಳಲ್ಲಿ ತೋಳಿನ ನೋವನ್ನು ಜ್ವರದಷ್ಟೇ ಎಚ್ಚರದಿಂದ ದಾಖಲಿಸಬೇಕಾಗಿದೆ.

ಔಷಧದ ಪರಿಣಾಮ ಮನುಷ್ಯನ ಮೈಯಲ್ಲಿಯೇ ನಿಲ್ಲಬೇಕೆಂದೂ ಇಲ್ಲ. ದನಕರುಗಳಿಗೆ ಕೊಟ್ಟ ಡೈಕ್ಲೊಫಿನಾಕ್ ಎಂಬ ನೋವುನಿವಾರಕವು ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಆ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದು 2004ರಲ್ಲಿ ಬೆಳಕಿಗೆ ಬಂದು, 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆ ನಿಷೇಧವಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ವನ್ಯಧಾಮ ಘೋಷಿಸಿರುವ ರಾಜ್ಯದಲ್ಲಿ ಪಶುವೈದ್ಯರು ಇಂತಹ ಸಮ್ಮೇಳನದಿಂದ ಹೊರಗುಳಿಯಬಾರದು.

ಆಯುರ್ವೇದದ ಔಷಧಗಳು ಗಿಡಮೂಲಿಕೆಯವಾದ್ದರಿಂದ ನಿರಪಾಯವೆಂಬ ಮಾತಿಗೂ ಆಧಾರವಿಲ್ಲ. ಅವುಗಳಿಗೆ ಆಯುಷ್ ಸಚಿವಾಲಯವು ಪ್ರತ್ಯೇಕ ನಿಗಾ ಜಾಲವನ್ನು ಕಟ್ಟಿದ್ದು, ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರಾಟವಾಗುವ ಪುಡಿ, ಮಾತ್ರೆಗಳಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಮುಖ ಊದಿಕೊಂಡು ಸಕ್ಕರೆ ಏರಿದ ರೋಗಿ ಯಾವ ಜಾಲದ ಲೆಕ್ಕಕ್ಕೂ ಸಿಗುವುದಿಲ್ಲ.

ರೋಗಿಯೇ ನೇರವಾಗಿ ವರದಿ ಮಾಡಲು ರಾಷ್ಟ್ರೀಯ ಕಾರ್ಯಕ್ರಮದ ಗ್ರಾಹಕ ನಮೂನೆ ಕನ್ನಡದಲ್ಲಿಯೂ ಇದೆ, 1800-180-3024 ಎಂಬ ಶುಲ್ಕರಹಿತ ದೂರವಾಣಿಯೂ ಇದೆ. ಆದರೆ ಇವೆರಡನ್ನೂ ಮೆಡಿಕಲ್ ಸ್ಟೋರಿನ ಗಲ್ಲಾದ ಬಳಿ ಅಂಟಿಸಿದ್ದನ್ನು ಕಾಣುವುದು ಅಪರೂಪ. ಡಿಸ್ಚಾರ್ಜ್ ಚೀಟಿಯಲ್ಲಿ ಲಸಿಕೆ ಮತ್ತು ಚುಚ್ಚುಮದ್ದುಗಳ ಬ್ಯಾಚ್ ಸಂಖ್ಯೆ ಬರೆಯುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ವರದಿ ಕಳುಹಿಸಿದವರಿಗೆ ಅದು ಏನಾಯಿತೆಂಬ ಉತ್ತರ ತಲುಪದಿದ್ದರೆ ಅವರು ಎರಡನೆಯ ವರದಿ ಬರೆಯುವುದಿಲ್ಲ. ಆದ್ದರಿಂದ ಈ ರಾಜ್ಯದ ಪ್ರತಿ ನಿಗಾ ಕೇಂದ್ರವೂ ತನಗೆ ಬಂದ ಪ್ರತಿ ವರದಿಗೂ ಲಿಖಿತ ಉತ್ತರ ಕೊಡಬೇಕೆಂಬ, ಸದುದ್ದೇಶದಿಂದ ವರದಿ ಮಾಡಿದ ಸಿಬ್ಬಂದಿಯ ವಿರುದ್ಧ ಆ ವರದಿಯನ್ನೇ ಸಾಕ್ಷ್ಯವಾಗಿ ಬಳಸಬಾರದೆಂಬ ಎರಡು ನಿರ್ಣಯಗಳ ಕರಡನ್ನು ಅಧ್ಯಕ್ಷ ಪೀಠವು ಸಭೆಯ ಮುಂದಿಡುತ್ತಿದೆ. ಎರಡನೆಯದಕ್ಕೆ ಆಕ್ಷೇಪಗಳು ಬರುವುದು ಸಹಜವಾದ್ದರಿಂದ ಮಧ್ಯಾಹ್ನದ ಗೋಷ್ಠಿಯು ಅದನ್ನೇ ಮೊದಲು ಚರ್ಚೆಗೆ ಎತ್ತಿಕೊಳ್ಳುವುದು ಉಚಿತ.